ಮುದಿ ಮೋಟಾರುಗಳ ಜಾತ್ರೆ

ನವೆಂಬರ್ ತಿಂಗಳ ಮೊದಲನೆಯ ಭಾನುವಾರ. ಲಂಡನ್ ಮಹಾನಗರ ಇನ್ನೂ ಕಂಬಳಿಯೊಳಗಿನಿಂದ ಹೊರಬಂದಿಲ್ಲ. ಬೀದಿದೀಪಗಳನ್ನು ಚಳಿಗಾಲದ ಮಬ್ಬು ಸುತ್ತಿಕೊಂಡಿದೆ. ಅಂಗಡಿಗಳ ಬಾಗಿಲು ತೆರೆದಿಲ್ಲ. ಹಾದಿಯ ಮೇಲೆ ಉದುರಿದ ತರಗೆಲೆಗಳನ್ನು ತುಳಿದು ನಡೆಯುವವರೂ ಇಲ್ಲ. ಆದರೆ ನಗರದ ನಡುವೆ ಹರಡಿಕೊಂಡಿರುವ ಹೈಡ್ ಪಾರ್ಕ್ ಉದ್ಯಾನದಲ್ಲಿ ಆ ಹೊತ್ತಿಗಾಗಲೇ ಒಂದು ಜಾತ್ರೆ ನೆರೆದಿರುತ್ತದೆ. ಕತ್ತಲೆಯಲ್ಲಿ ಹಿತ್ತಾಳೆಯ ದೀಪಗಳು ಮಿನುಗುತ್ತವೆ. ಎಲ್ಲಿಯೋ ಒಂದು ಎಂಜಿನ್ನು ಕೆಮ್ಮಿ, ಸೀನಿ, ಒಂದೆರಡು ಬಾರಿ ಗುಡುಗಿ, ಮತ್ತೆ ಸುಮ್ಮನಾಗುತ್ತದೆ. ಇನ್ನೆಲ್ಲಿಯೋ ಹಬೆಯ ಸುಯಿಲು ಕೇಳುತ್ತದೆ. ಪೆಟ್ರೋಲು, ಕಾದ ಎಣ್ಣೆ, ಹಳೆಯ ಚರ್ಮ ಇವುಗಳ ವಾಸನೆ ಒಂದಾಗಿ ತಂಪು ಗಾಳಿಯಲ್ಲಿ ತೇಲಿಬರುತ್ತದೆ.

ಇದು ಲಂಡನ್ನಿನಿಂದ ಬ್ರೈಟನ್ ಎಂಬ ಕಡಲತಡಿಯ ಊರಿಗೆ ವರ್ಷಕ್ಕೊಮ್ಮೆ ಹೊರಡುವ ಮುದಿ ಮೋಟಾರುಗಳ ಯಾತ್ರೆ. ಇದರಲ್ಲಿ ಭಾಗವಹಿಸುವ ವಾಹನಕ್ಕೆ ಇರಬೇಕಾದ ಮುಖ್ಯ ಅರ್ಹತೆ ವಯಸ್ಸು. 1905ನೆಯ ಇಸವಿಯ ಜನವರಿ 1ಕ್ಕೆ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ ಇಲ್ಲಿ ಪ್ರವೇಶ. ಅಂದರೆ ಈ ಮೆರವಣಿಗೆಯ ಅತ್ಯಂತ ಕಿರಿಯ ಕಾರಿಗೂ ನೂರ ಇಪ್ಪತ್ತು ವರ್ಷ ತುಂಬಿದೆ. ಇಂತಹ ಮುನ್ನೂರು ನಾನೂರು ವಾಹನಗಳು ಹಲವು ದೇಶಗಳಿಂದ ಬಂದು ಒಂದೆಡೆ ಸೇರುತ್ತವೆ. ಅವು ಕ್ರಮಿಸಬೇಕಾದ ದಾರಿ ಸುಮಾರು 60 ಮೈಲಿ. ಇಂದಿನ ಕಾರು ಎರಡು ಗಂಟೆಯಲ್ಲಿ ಮುಗಿಸುವ ಈ ಪ್ರಯಾಣಕ್ಕೆ ಇಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಅವಕಾಶವನ್ನು ಕೊಡಲಾಗಿದೆ. ಅಷ್ಟು ಅವಕಾಶವಿದ್ದೂ ಕೆಲವು ಗಾಡಿಗಳು ದಾರಿಯಲ್ಲಿಯೇ ಉಳಿದುಬಿಡುತ್ತವೆ.

ಮೋಟಾರು ಸಂಘದವರ ಕೂಟವೊಂದಕ್ಕೆ ಮೊದಲ ಬಾರಿ ಬರುವವನ ಮನಸ್ಸಿನಲ್ಲಿ ಸಾಮಾನ್ಯವಾಗಿ ವಸ್ತುಸಂಗ್ರಹಾಲಯದ ಚಿತ್ರವೇ ಇರುತ್ತದೆ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ಕಂಡ ಕನ್ನಡಿಗರಿಗೆ ಆ ಚಿತ್ರ ಚೆನ್ನಾಗಿ ಗೊತ್ತು: ಉಜ್ಜಿ ಹೊಳಪಿಟ್ಟ ಮೈ, ನಿಶ್ಚಲವಾದ ಚಕ್ರ, ಪಕ್ಕದಲ್ಲಿ ವಿವರದ ಫಲಕ, ಸುತ್ತ ಮೌನ. ಹೈಡ್ ಪಾರ್ಕಿನಲ್ಲಿ ಹೊಸಬನ ಈ ಕಲ್ಪನೆ ಐದು ನಿಮಿಷವೂ ಉಳಿಯುವುದಿಲ್ಲ. ಇಲ್ಲಿ ಗಾಡಿಗಳು ನಡುಗುತ್ತವೆ, ಹೊಗೆಯುಗುಳುತ್ತವೆ, ನೆಲದ ಮೇಲೆ ಎಣ್ಣೆ ತೊಟ್ಟಿಕ್ಕುತ್ತವೆ. ಅವುಗಳ ಯಜಮಾನರು ಮಂಡಿಯೂರಿ, ಅಂಗೈ ಮಸಿ ಮಾಡಿಕೊಂಡು, ಕೈದೀಪ ಹಿಡಿದು ಹೊಟ್ಟೆಯಡಿ ಇಣುಕುತ್ತಿರುತ್ತಾರೆ. ಹೊರಡುವ ದಿನ ಬೆಳಗ್ಗೆ ತೇರಿನ ಗಾಲಿಗಳ ಬಳಿ ಕಾಣುವ ಗಡಿಬಿಡಿಯೇ ಇಲ್ಲಿಯೂ ಕಾಣುತ್ತದೆ.

ಬೆಳಕು ಹರಿದಂತೆ ಗಾಡಿಗಳ ಆಕಾರಗಳು ಒಂದೊಂದಾಗಿ ಸ್ಪಷ್ಟವಾಗುತ್ತವೆ. ಇವುಗಳಲ್ಲಿ ಅನೇಕವನ್ನು ಕಾರೆಂದು ಕರೆಯಲು ನಾಲಗೆ ಹಿಂಜರಿಯುತ್ತದೆ. ಕೆಲವು, ಕುದುರೆಯನ್ನು ಬಿಚ್ಚಿ ಕಳುಹಿಸಿಬಿಟ್ಟ ಸಾರೋಟುಗಳಂತಿವೆ. ಕೆಲವಕ್ಕೆ ಮೂರೇ ಚಕ್ರ. ಅಮೆರಿಕದ ಓಲ್ಡ್ಸ್‌ಮೊಬೈಲ್ ಗಾಡಿಯ ಮುಂಭಾಗ ಹಿಮದ ಮೇಲೆ ಜಾರುವ ಬಂಡಿಯಂತೆ ಬಾಗಿದೆ. ಅದನ್ನು ತಿರುಗಿಸಲು ದುಂಡು ಚಕ್ರವಿಲ್ಲ, ದೋಣಿಯ ಚುಕ್ಕಾಣಿಯಂತಹ ಒಂದು ಹಿಡಿಕೋಲು ಮಾತ್ರವಿದೆ. ಫ್ರಾನ್ಸಿನ ದ ದಿಯೋಂ ಬುತೋಂ ಕಾರ್ಖಾನೆಯ ಕೆಲವು ಗಾಡಿಗಳಲ್ಲಿ ಪ್ರಯಾಣಿಕರು ಚಾಲಕನಿಗೆ ಎದುರುಮುಖವಾಗಿ ಕೂರುತ್ತಾರೆ. ಅವನಿಗೆ ದಾರಿ ಕಾಣಬೇಕಾದರೆ ಅವರ ಭುಜಗಳ ಸಂದಿಯಿಂದ ನೋಡಬೇಕು! ಗಾಳಿಯನ್ನು ತಡೆಯುವ ಗಾಜು ಬಹುಮಟ್ಟಿಗೆ ಯಾವುದಕ್ಕೂ ಇಲ್ಲ. ಆದ್ದರಿಂದ ಹೊರಟವರೆಲ್ಲರೂ ಚರ್ಮದ ನಿಲುವಂಗಿ, ಕಿವಿಮುಚ್ಚುವ ಟೋಪಿ, ಕಣ್ಣಿಗೆ ದಪ್ಪ ಕನ್ನಡಕ, ಮಡಿಲಿಗೆ ಕಂಬಳಿ ಇವುಗಳಿಂದ ಸಜ್ಜಾಗಿ, ಉತ್ತರಧ್ರುವಕ್ಕೆ ಹೊರಟವರಂತೆ ಕಾಣುತ್ತಾರೆ.

ಹೊಸಬನನ್ನು ಇಲ್ಲಿ ಮೊದಲು ಕಾಡುವುದು ಸಂಕೋಚ. ಈ ಗಾಡಿಗಳಲ್ಲಿ ಕೆಲವು ಕೋಟಿಗಟ್ಟಲೆ ರೂಪಾಯಿ ಬೆಲೆಬಾಳುತ್ತವೆ. ಅವುಗಳ ಒಡೆಯರಲ್ಲಿ ಸಿರಿವಂತರಿದ್ದಾರೆ, ಬಿರುದುಬಾವಲಿಗಳುಳ್ಳವರಿದ್ದಾರೆ. ನೋಡಲು ಬಂದವನಿಗೆ ಇಲ್ಲಿ ಶುಲ್ಕವೇನೂ ಇಲ್ಲ. ಆದರೆ ದೂರದಲ್ಲಿ ನಿಂತು ನೋಡಬೇಕೇ, ಹತ್ತಿರ ಹೋಗಬಹುದೇ, ಮಾತನಾಡಿಸಿದರೆ ಏನೆಂದುಕೊಂಡಾರು ಎಂದು ಅವನು ಅಳುಕುತ್ತಾನೆ. ಆ ಅಳುಕು ಕರಗಲು ಒಂದೇ ಒಂದು ಪ್ರಶ್ನೆ ಸಾಕು. ‘ಇದನ್ನು ಹೊರಡಿಸುವುದು ಹೇಗೆ?’ ಎಂದು ಕೇಳಿದರೆ ಮುಗಿಯಿತು. ಬೆಲೆಯನ್ನು ಕೇಳಿದರೆ ಮುಖ ತಿರುಗಿಸುವ ಯಜಮಾನ ಈ ಪ್ರಶ್ನೆಗೆ ಅರಳುತ್ತಾನೆ. ಹೊರಡುವ ಅವಸರದಲ್ಲಿಯೂ ಮುಚ್ಚಳ ತೆಗೆದು ಪಾಠಕ್ಕೆ ತೊಡಗುತ್ತಾನೆ.

ಆ ಪಾಠ ಸ್ವಾರಸ್ಯವಾದದ್ದು. ಇಂದು ಗುಂಡಿ ಒತ್ತಿದರೆ ಎಂಜಿನ್ನು ಏಳುತ್ತದೆ. ಈ ಮುದುಕರನ್ನು ಎಬ್ಬಿಸಲು ಸುಪ್ರಭಾತವೇ ಬೇಕು. ಮೊದಲು ಪೆಟ್ರೋಲಿಗೂ ಗಾಳಿಗೂ ಹದವಾದ ಬೆರಕೆಯಾಗಬೇಕು. ಆಮೇಲೆ ಕಿಡಿ ಹಾರುವ ಹೊತ್ತನ್ನು ಒಂದು ಸನ್ನೆಗೋಲಿನಿಂದ ಹಿಂದಕ್ಕೆ ಸರಿಸಬೇಕು. ಅನಂತರ ಕಬ್ಬಿಣದ ಹಿಡಿಯನ್ನು ಕೈಯಿಂದ ಬಲವಾಗಿ ತಿರುವಬೇಕು. ತಿರುವುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟುಕೊಳ್ಳಬೇಕು. ಹಿಡಿಯನ್ನು ಬಳಸಿ ಹಿಡಿಯಕೂಡದು. ಕಿಡಿ ಹೊತ್ತಿಗೆ ಮುಂಚೆ ಹಾರಿದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತದೆ. ಆಗ ಬಳಸಿ ಹಿಡಿದವನ ಹೆಬ್ಬೆರಳೋ ಮಣಿಕಟ್ಟೋ ಮುರಿಯಿತೆಂದೇ ಅರ್ಥ. ಪುಸ್ತಕದಲ್ಲಿ ಓದಿದ್ದನ್ನು ಮರೆಯಬಹುದು. ಹೊಸಬನ ಬೆರಳುಗಳನ್ನು ಹಿಡಿದು ಸರಿಯಾದ ಕಡೆ ಕೂರಿಸಿ ಹೇಳಿಕೊಟ್ಟದ್ದು ಮರೆಯುವುದಿಲ್ಲ.

ಗಾಡಿ ಹೊರಟ ಮಾತ್ರಕ್ಕೆ ಚಾಲಕನ ಕೆಲಸ ಮುಗಿಯಲಿಲ್ಲ. ಅವನ ಕಣ್ಣೆದುರಿಗೆ ಒಂದು ಪುಟ್ಟ ಗಾಜಿನ ಕೊಳವೆಯಿರುತ್ತದೆ. ಅದರೊಳಗೆ ಎಣ್ಣೆ ತೊಟ್ಟುತೊಟ್ಟಾಗಿ ಬೀಳುತ್ತದೆ. ನಿಮಿಷಕ್ಕೆ ಇಷ್ಟು ತೊಟ್ಟು ಎಂಬ ಲೆಕ್ಕ ತಪ್ಪದಂತೆ ಅವನು ಗಮನಿಸುತ್ತಿರಬೇಕು. ತೊಟ್ಟು ಕಡಮೆಯಾದರೆ ಲೋಹ ಲೋಹವನ್ನು ತಿನ್ನುತ್ತದೆ. ಹೆಚ್ಚಾದರೆ ಹಿಂದೆ ನೀಲಿ ಹೊಗೆಯ ಮೋಡ ಏಳುತ್ತದೆ. ರಾತ್ರಿಯ ದೀಪಗಳದು ಇನ್ನೊಂದು ಕಥೆ. ಅನೇಕ ಗಾಡಿಗಳ ದೀಪದಲ್ಲಿ ಕ್ಯಾಲ್ಸಿಯಂ ಕಾರ್ಬೈಡಿನ ಹರಳುಗಳ ಮೇಲೆ ನೀರು ಹನಿಯುತ್ತದೆ. ಅದರಿಂದ ಹುಟ್ಟಿದ ಅಸೆಟಿಲೀನ್ ಅನಿಲ ಉರಿದು ಬೆಳಕು ಕೊಡುತ್ತದೆ. ಗಾಡಿಯನ್ನು ನಡೆಸುವವನು ಆಗ ಅರ್ಧ ಕಮ್ಮಾರ, ಅರ್ಧ ರಸಾಯನಶಾಸ್ತ್ರಜ್ಞ. ಮೇಲೆ ಒಂದಿಷ್ಟು ದೈವಭಕ್ತನೂ ಆಗಿದ್ದಿರಬೇಕು.

ಏಳು ಗಂಟೆಯ ಹೊತ್ತಿಗೆ ಪೂರ್ವದಲ್ಲಿ ಬೆಳ್ಳಗಾಗುತ್ತದೆ. ಜನ ಒತ್ತೊತ್ತಾಗಿ ನಿಂತ ಕಡೆ ಒಬ್ಬರು ಕೆಂಪು ಬಾವುಟವೊಂದನ್ನು ಎತ್ತಿ ಹಿಡಿದು ಎಲ್ಲರೆದುರು ಹರಿದುಹಾಕುತ್ತಾರೆ. ಚಪ್ಪಾಳೆ ಮೊಳಗುತ್ತದೆ, ಅತ್ಯಂತ ಹಿರಿಯ ಗಾಡಿಗಳು ಮುಂದಾಗಿ, ಉಳಿದವು ಹಿಂದಾಗಿ ಯಾತ್ರೆ ಹೊರಡುತ್ತದೆ. ಹೊಸಬ ಬೆರಗಾಗುತ್ತಾನೆ: ಬಾವುಟವನ್ನು ಏರಿಸಿ ಉತ್ಸವ ಆರಂಭಿಸುವುದನ್ನು ಕಂಡಿದ್ದೇವೆ, ಹರಿದು ಆರಂಭಿಸುವುದೆಂದರೇನು?

ಅದರ ಹಿಂದೆ ಒಂದು ಕಾನೂನಿನ ಕಥೆಯಿದೆ. 1865ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಶಾಸನ ಮಾಡಿತು. ಅದು ಹುಟ್ಟಿದ್ದು ರಸ್ತೆಯ ಮೇಲೆ ಓಡುವ ಭಾರಿ ಹಬೆಯಂತ್ರಗಳನ್ನು ಕುರಿತು. ಅಂತಹ ಯಂತ್ರಗಳು ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಗಿಂತ ವೇಗವಾಗಿ ಹೋಗಕೂಡದು. ಯಂತ್ರಕ್ಕೆ 60 ಗಜ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು ಎಂದು ಅದು ವಿಧಿಸಿತು. 1878ರಲ್ಲಿ ಬಾವುಟದ ಕಟ್ಟಳೆ ಸಡಿಲವಾಯಿತು, ದೂರವೂ 20 ಗಜಕ್ಕೆ ಇಳಿಯಿತು. ಆದರೆ ಮುಂದೆ ನಡೆಯುವ ಮನುಷ್ಯ ಮಾತ್ರ ಉಳಿದ. ಮೋಟಾರುಗಾಡಿ ಬಂದಾಗ ಅದಕ್ಕೂ ಇದೇ ಕಾನೂನು ಅನ್ವಯಿಸಿತು. 1896ರ ಜನವರಿಯಲ್ಲಿ ಕೆಂಟ್ ಪ್ರಾಂತದ ಪ್ಯಾಡಕ್ ವುಡ್ ಎಂಬಲ್ಲಿ ವಾಲ್ಟರ್ ಆರ್ನಲ್ಡ್ ಎಂಬಾತ ಗಂಟೆಗೆ 8 ಮೈಲಿ ವೇಗದಲ್ಲಿ ಮೋಟಾರು ಓಡಿಸಿ ಸಿಕ್ಕಿಬಿದ್ದ. ಅವನನ್ನು ಬೆನ್ನಟ್ಟಿ ಹಿಡಿದ ಪೊಲೀಸಿನವನು ಬಂದದ್ದು ಬೈಸಿಕಲ್ಲಿನ ಮೇಲೆ! ವೇಗದ ಅಪರಾಧಕ್ಕೆ ಅವನು ತೆತ್ತ ದಂಡ ಒಂದು ಷಿಲಿಂಗ್.

ಇಂದು ನಗು ತರಿಸುವ ಆ ಭಯ ತೀರ ನಿರಾಧಾರವಾಗಿತ್ತೆಂದು ಹೇಳುವಂತಿಲ್ಲ. ಅದೇ ವರ್ಷದ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಬಳಿ, ಪ್ರದರ್ಶನಕ್ಕಾಗಿ ಓಡಿಸುತ್ತಿದ್ದ ಮೋಟಾರೊಂದು ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿಗೆ ಬಡಿದು ಆಕೆ ಮೃತಳಾದಳು. ಬ್ರಿಟನ್ನಿನಲ್ಲಿ ಮೋಟಾರುಗಾಡಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಇಂತಹುದು ಮತ್ತೆಂದೂ ನಡೆಯದಿರಲೆಂದು ವಿಚಾರಣಾಧಿಕಾರಿ ಆಶಿಸಿದನಂತೆ. ಆ ಆಶೆ ಏನಾಯಿತೆಂಬುದನ್ನು ಯಾವ ದೇಶದ ವಾಚಕರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೋಟಾರು ತನ್ನ ಸ್ವಾತಂತ್ರ್ಯವನ್ನೂ ತನ್ನ ಪಾಪವನ್ನೂ ಒಂದೇ ವರ್ಷದಲ್ಲಿ ಪಡೆಯಿತು.

ಸ್ವಾತಂತ್ರ್ಯ ದೊರೆತದ್ದು ನವೆಂಬರ್ 14ರಂದು. ಅಂದು ಜಾರಿಗೆ ಬಂದ ಹೊಸ ಶಾಸನ ಲಘುವಾಹನಗಳ ವೇಗದ ಮಿತಿಯನ್ನು 14 ಮೈಲಿಗೆ ಏರಿಸಿತು. ಅಧಿಕಾರಿಗಳು ಅದನ್ನು 12ಕ್ಕೆ ಇಳಿಸಿದರು. ಮುಂದೆ ನಡೆಯುವ ಮನುಷ್ಯನಿಗೆ ಬಿಡುಗಡೆಯಾಯಿತು. ಆ ಸಂತೋಷವನ್ನು ಆಚರಿಸಲು ಹ್ಯಾರಿ ಲಾಸನ್ ಎಂಬ ಸಾಹಸಿ ವ್ಯಾಪಾರಿ ತನ್ನ ಮೋಟಾರ್ ಕಾರ್ ಕ್ಲಬ್ಬಿನ ವತಿಯಿಂದ ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆಯನ್ನು ಏರ್ಪಡಿಸಿದ. ಹೊರಡುವ ಮುನ್ನ ನಡೆದ ಉಪಾಹಾರ ಕೂಟದಲ್ಲಿ ವಿಂಚಿಲ್ಸಿಯ ಪ್ರಭು ಕೆಂಪು ಬಾವುಟವನ್ನು ಹರಿದ. ಕಾನೂನಿನ ಪುಸ್ತಕದಿಂದ ಆ ಬಾವುಟ ಮರೆಯಾಗಿ ಹದಿನೆಂಟು ವರ್ಷ ಕಳೆದಿತ್ತೆಂಬುದು ಬೇರೆಯ ಮಾತು. ಜನರ ಮನಸ್ಸಿನಲ್ಲಿ ಅದು ಇನ್ನೂ ಹಾರುತ್ತಲೇ ಇತ್ತು. ಮಳೆಯಲ್ಲಿ, ಕೆಸರಿನಲ್ಲಿ, ಮೂವತ್ತಕ್ಕೂ ಹೆಚ್ಚು ವಾಹನಗಳು ಹೊರಟವು. ಸುಮಾರು ಅರ್ಧದಷ್ಟು ಬ್ರೈಟನ್ ಸೇರಿದವು. ಅವುಗಳಲ್ಲೊಂದು ರೈಲಿನಲ್ಲಿ ಬಂದಿಳಿದು, ಮೈಗೆ ಕೆಸರು ಬಳಿದುಕೊಂಡು ಸಾಲಿಗೆ ಸೇರಿತೆಂಬ ಕಥೆಯನ್ನು ಇಂದಿಗೂ ಹೇಳಿ ನಗುತ್ತಾರೆ. ಲಾಸನ್ನನಾದರೋ ಮುಂದೆ 1904ರಲ್ಲಿ ವಂಚನೆಯ ಅಪರಾಧಕ್ಕಾಗಿ ಕಠಿನ ಶಿಕ್ಷೆಗೆ ಗುರಿಯಾದ. ಅವನ ಕಂಪೆನಿಗಳು ಅಳಿದವು. ಅವನು ಹುಟ್ಟಿಸಿದ ಯಾತ್ರೆ ಉಳಿಯಿತು.

ಉಳಿಯಿತೆಂದರೆ, ನಡುವೆ ಮೂವತ್ತು ವರ್ಷ ಮಲಗಿ ಮತ್ತೆ ಎದ್ದಿತು. 1927ರಲ್ಲಿ ಒಂದು ಪತ್ರಿಕೆಯ ಆಶ್ರಯದಲ್ಲಿ ಹಳೆಯ ಮೋಟಾರುಗಳನ್ನು ಅದೇ ದಾರಿಯಲ್ಲಿ ಓಡಿಸಿದರು. ಆಗ ಅವು ಕೇವಲ ಹಳೆಯ ಸಾಮಾನು; ಕೋಳಿಗೂಡಿನ ಪಕ್ಕದಲ್ಲಿ, ಹುಲ್ಲುಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದವು; ನೋಡಲು ನಿಂತವರು ಬಹುಮಟ್ಟಿಗೆ ನಗುವುದಕ್ಕಾಗಿಯೇ ನಿಂತಿದ್ದರು. 1930ರಿಂದ ರಾಯಲ್ ಆಟೊಮೊಬೈಲ್ ಕ್ಲಬ್ ಯಾತ್ರೆಯ ಹೊಣೆ ಹೊತ್ತಿತು. ಅದೇ ವರ್ಷ, ಯಾತ್ರೆ ಮುಗಿಸಿದ ಕೆಲವರು ಬ್ರೈಟನ್ನಿನ ಓಲ್ಡ್ ಷಿಪ್ ಎಂಬ ಹೋಟೆಲಿನಲ್ಲಿ ಸೇರಿ, ಈ ಗಾಡಿಗಳ ರಕ್ಷಣೆಗೆ ಸಂಘವೊಂದು ಬೇಕೆಂದು ನಿಶ್ಚಯಿಸಿದರು. ವೆಟರನ್ ಕಾರ್ ಕ್ಲಬ್ ಹುಟ್ಟಿದ್ದು ಹೀಗೆ. ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಪಡಿತರವಿದ್ದ 1947, ಕೊರೋನಾ ಹಾವಳಿಯ 2020 ಇವುಗಳನ್ನು ಬಿಟ್ಟರೆ ಯಾತ್ರೆ ತಪ್ಪಿಲ್ಲ.

ಆ ಸಂಘದ ಮುಖ್ಯ ಕೆಲಸಗಳಲ್ಲೊಂದು ಜಾತಕ ಪರಿಶೀಲನೆ! ಗಾಡಿಯ ಚೌಕಟ್ಟು, ಎಂಜಿನ್ನಿನ ಅಂಕೆ, ಕಾರ್ಖಾನೆಯ ಹಳೆಯ ಪಟ್ಟಿ ಎಲ್ಲವನ್ನೂ ತಾಳೆ ನೋಡಿ ಅದು ಹುಟ್ಟಿದ ವರ್ಷವನ್ನು ತಜ್ಞರ ಮಂಡಲಿ ನಿರ್ಧರಿಸುತ್ತದೆ. ನಮ್ಮಲ್ಲಿ ಹಳೆಯ ಕಾರಿಗೆಲ್ಲ ‘ವಿಂಟೇಜ್’ ಎಂದುಬಿಡುತ್ತೇವೆ. ಅಲ್ಲಿಯ ಲೆಕ್ಕ ಕಟ್ಟುನಿಟ್ಟು: 1904ರ ಕೊನೆಯವರೆಗಿನದು ವೆಟರನ್, 1905ರಿಂದ 1918ರವರೆಗಿನದು ಎಡ್ವರ್ಡಿಯನ್, 1919ರಿಂದ 1930ರವರೆಗಿನದು ವಿಂಟೇಜ್. ಒಡೆಯನು ತಂದೆಯಿಂದ ಕೇಳಿದ ವರ್ಷ ಒಂದು, ಮಂಡಲಿ ಕೊಡುವ ವರ್ಷ ಇನ್ನೊಂದು ಆಗುವುದುಂಟು. ಆಗ ಬ್ರೈಟನ್ನಿನ ಕನಸು ಬಿಟ್ಟುಕೊಡಬೇಕಾದೀತು. ಅಂತಹ ದಾಕ್ಷಿಣ್ಯವಿಲ್ಲದ ಸತ್ಯನಿಷ್ಠೆಯಿಂದಲೇ ಈ ಸಾಲಿಗೆ ಬೆಲೆ ಬಂದಿದೆ.

ಈ ಗಾಡಿಗಳನ್ನು ಕಂಡು ನಗುತ್ತಿದ್ದ ಲೋಕ ಪ್ರೀತಿಸಲು ಕಲಿತದ್ದರಲ್ಲಿ ಚಲಚ್ಚಿತ್ರವೊಂದರ ಪಾಲೂ ಇದೆ. ಹೆನ್ರಿ ಕಾರ್ನೀಲಿಯಸ್ ನಿರ್ದೇಶಿಸಿದ ‘ಜೆನವೀವ್’ 1953ರಲ್ಲಿ ತೆರೆಗೆ ಬಂದಿತು. ಜೆನವೀವ್ ಎಂಬುದು ಕಥಾನಾಯಿಕೆಯ ಹೆಸರಲ್ಲ, 1904ರ ಡರಾಕ್ ಕಾರಿನದು. ಬ್ರೈಟನ್ನಿಗೆ ಹೋದ ಇಬ್ಬರು ಗೆಳೆಯರು, ಹಿಂದಿರುಗುವಾಗ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಯಾರು ಮೊದಲು ದಾಟುತ್ತಾರೆಂದು ಪಣ ಕಟ್ಟಿ, ಹೆಂಡತಿಯ ಕೋಪವನ್ನೂ ಮಳೆಯನ್ನೂ ಲೆಕ್ಕಿಸದೆ ಓಡುವ ಹಾಸ್ಯಕಥೆ ಅದು. ಅದನ್ನು ಕಂಡ ಬಳಿಕ ಎಷ್ಟೋ ಮನೆಗಳಲ್ಲಿ ಗುಜರಿಗೆ ಹೋಗಬೇಕಿದ್ದ ಗಾಡಿಗೆ ಜೀವದಾನ ದೊರೆಯಿತು.

ನಿಜವಾದ ಯಾತ್ರೆಯಲ್ಲಿ ಮಾತ್ರ ಪಣಕ್ಕೆ ಎಡೆಯಿಲ್ಲ. ಇದು ಪಂದ್ಯವಲ್ಲ, ಸರಾಸರಿ ವೇಗ ಗಂಟೆಗೆ 20 ಮೈಲಿಯನ್ನು ಮೀರಕೂಡದು. ಮೊದಲು ಬಂದವನಿಗೆ ಬಹುಮಾನವಿಲ್ಲ. ಸಂಜೆ ನಾಲ್ಕೂವರೆಯ ಒಳಗೆ ತಲುಪಿದ ಪ್ರತಿಯೊಬ್ಬರಿಗೂ ಒಂದೇ ಬಗೆಯ ಪದಕ.

ಮೆರವಣಿಗೆ ಅರಮನೆಯ ಮುಂದೆ ಹಾದು, ಥೇಮ್ಸ್ ನದಿಯನ್ನು ದಾಟಿ, ದಕ್ಷಿಣದ ಬಡಾವಣೆಗಳಲ್ಲಿ ಸಾಗುತ್ತದೆ. ಮಲಗುವ ಉಡುಪಿನ ಮೇಲೆ ಕೋಟು ತೊಟ್ಟ ಜನ ಚಹದ ಬಟ್ಟಲು ಹಿಡಿದು ಮನೆಯ ಮುಂದೆ ನಿಂತು ಕೈಬೀಸುತ್ತಾರೆ. ಕ್ರಾಯ್ಡನ್, ರೆಡ್‌ಹಿಲ್ ಕಳೆದು ಕ್ರಾಲಿಯಲ್ಲಿ ಬಿಸಿ ಕಾಫಿಗೆ ನಿಲುಗಡೆ. ಅಲ್ಲಿಂದ ಮುಂದೆ ಸಸೆಕ್ಸ್ ಸೀಮೆಯ ಹಳ್ಳಿಗಳು, ಬೇಲಿಗಳು, ಏರುತಗ್ಗುಗಳು.

ಈ ಏರುತಗ್ಗುಗಳಲ್ಲಿಯೇ ಯಾತ್ರೆಯ ನಿಜವಾದ ಸತ್ತ್ವಪರೀಕ್ಷೆ. ಒಂದೇ ಸಿಲಿಂಡರಿನ ಬಡ ಎಂಜಿನ್ನು ಏರಿನಲ್ಲಿ ಏದುಸಿರು ಬಿಡುತ್ತದೆ, ಪ್ರಯಾಣಿಕರು ಇಳಿದು ಪಕ್ಕದಲ್ಲಿ ನಡೆಯುತ್ತಾರೆ, ಸಾಲದಿದ್ದರೆ ತಳ್ಳುತ್ತಾರೆ. ಹಿಂದಕ್ಕೆ ಜಾರುವ ಭಯವಿದ್ದರೆ ಕೆಲವು ಗಾಡಿಗಳಲ್ಲಿ ಒಂದು ಮೊನೆಗೋಲನ್ನು ನೆಲಕ್ಕೆ ಇಳಿಬಿಡುವ ಏರ್ಪಾಡಿದೆ. ತೇರಿನ ಗಾಲಿಗೆ ಮರದ ಬೆಣೆ ಕೊಡುವುದನ್ನು ಕಂಡವರಿಗೆ ಇದರ ತತ್ತ್ವ ಕೂಡಲೇ ಹೊಳೆದೀತು. ಇಳಿಜಾರಿನಲ್ಲಿ ಕಷ್ಟ ಇನ್ನೂ ಹೆಚ್ಚು: ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ದಾರಿಯ ಬದಿಯಲ್ಲಿ ಒಂದು ಗಾಡಿ ನಿಂತಿತೆಂದರೆ ಹಿಂದಿನಿಂದ ಬಂದವನು ವೇಗ ತಗ್ಗಿಸಿ ‘ಏನಾದರೂ ಬೇಕೇ?’ ಎಂದು ಕೂಗುತ್ತಾನೆ. ಪಟ್ಟಿಗೆ ಪಟ್ಟಿ, ತಂತಿಗೆ ತಂತಿ, ನೀರಿಗೆ ನೀರು ಕೈ ಬದಲಾಗುತ್ತವೆ. ಹಾದಿಯ ಬದಿಯ ಮನೆಯವರು ಬಕೆಟ್ಟು ತಂದುಕೊಡುತ್ತಾರೆ. ಬೇಗ ತಲುಪಿದರೆ ಲಾಭವಿಲ್ಲದ ಕಡೆ ನಿಂತು ಸಹಾಯ ಮಾಡಿದರೆ ನಷ್ಟವೂ ಇಲ್ಲ. ಮನುಷ್ಯನ ಔದಾರ್ಯಕ್ಕೆ ಕೆಲವೊಮ್ಮೆ ಬೇಕಾಗುವುದು ಇಂತಹ ಒಂದು ನಿಯಮ ಮಾತ್ರ.

ಕಣ್ಣಿಟ್ಟು ನೋಡುವ ಹೊಸಬನಿಗೆ ಈ ಸಾಲಿನಲ್ಲಿ ಇನ್ನೊಂದು ಆಶ್ಚರ್ಯ ಕಾದಿದೆ. ಇಲ್ಲಿಯ ಗಾಡಿಗಳೆಲ್ಲ ಪೆಟ್ರೋಲಿನವಲ್ಲ. ಕೆಲವು ಹಬೆಯಿಂದ ಓಡುತ್ತವೆ; ಅವಕ್ಕೆ ಇಪ್ಪತ್ತು ಮೈಲಿಗೊಮ್ಮೆಯಾದರೂ ನೀರಡಿಕೆ. ಕೆಲವು ವಿದ್ಯುತ್ತಿನವು, ಸದ್ದಿಲ್ಲದೆ ಬಂದು ಸದ್ದಿಲ್ಲದೆ ದಾಟುತ್ತವೆ. 1896ರ ಮೊದಲ ಮೆರವಣಿಗೆಯಲ್ಲಿಯೇ ವಾಲ್ಟರ್ ಬರ್ಸಿ ನಿರ್ಮಿಸಿದ ವಿದ್ಯುತ್ ಗಾಡಿ ಇತ್ತು. ಮರುವರ್ಷ ಅವನ ವಿದ್ಯುತ್ ಬಾಡಿಗೆಗಾಡಿಗಳು ಲಂಡನ್ನಿನ ಬೀದಿಗಿಳಿದವು. ಹೆಚ್ಚು ಕಾಲ ಬಾಳಲಿಲ್ಲ. ಹಬೆ, ವಿದ್ಯುತ್ತು, ಪೆಟ್ರೋಲು ಈ ಮೂರರಲ್ಲಿ ಯಾವುದು ಗೆಲ್ಲುವುದೆಂದು ಆಗ ಯಾರೂ ಅರಿಯರು. ಪೆಟ್ರೋಲು ಗೆದ್ದಿತು, ಒಂದು ಶತಮಾನ ಆಳಿತು. ಈಗ ವಿದ್ಯುತ್ತು ಮರಳಿ ಬಾಗಿಲು ತಟ್ಟುತ್ತಿದೆ. ‘ಹೊಸತು’ ಎಂದು ಇಂದು ಜಾಹೀರಾತು ಕೊಡುವ ವಸ್ತುವಿನ ಮುತ್ತಜ್ಜಿ ಈ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದಾಳೆ.

ಕಡೆಯ ಗುಡ್ಡಸಾಲು ದಾಟಿದರೆ ಬ್ರೈಟನ್ ಹತ್ತಿರವಾಯಿತು. ಆ ಇಳಿಜಾರಿನಲ್ಲಿ, ಪ್ಯಾಚಮ್ ಊರಿನ ಮೇಲಣ ಹುಲ್ಲುಗಾವಲಿನಲ್ಲಿ, ಭಾರತೀಯನು ನೆನೆಯಬೇಕಾದ ತಾಣವೊಂದಿದೆ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ನಮ್ಮ ಸೈನಿಕರಿಗಾಗಿ ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆ 1914ರ ಕೊನೆಯಿಂದ ಆಸ್ಪತ್ರೆಯಾಗಿತ್ತು. ಮೃತರಾದ ಹಿಂದೂ ಮತ್ತು ಸಿಖ್ ಸೈನಿಕರನ್ನು ದಹಿಸಿದ ಸ್ಥಳದಲ್ಲಿ 1921ರಲ್ಲಿ ಬಿಳಿಯ ಅಮೃತಶಿಲೆಯ ಛತ್ರಿಯೊಂದನ್ನು ಕಟ್ಟಿದರು. ಊರೊಳಗೆ ಪೆವಿಲಿಯನ್ನಿನ ಗುಮ್ಮಟಗಳು ಕಂಡಾಗ, ಇಂಗ್ಲೆಂಡಿನ ಕಡಲತಡಿಗೆ ಉತ್ತರಹಿಂದೂಸ್ಥಾನದ ಅರಮನೆ ಹೇಗೆ ಬಂದಿತೆಂದು ವಿಸ್ಮಯವಾಗುತ್ತದೆ. ರಾಜಕುಮಾರನೊಬ್ಬನ ಚಪಲಕ್ಕಾಗಿ ಜಾನ್ ನ್ಯಾಷ್ ರೂಪಿಸಿದ ಆ ಗುಮ್ಮಟಗಳ ಕೆಳಗೆ, ಒಂದು ಶತಮಾನದ ಬಳಿಕ, ನಿಜವಾದ ಭಾರತೀಯರು ಗಾಯದ ನೋವಿನಲ್ಲಿ ಮಲಗಿದ್ದರು. ರಸ್ತೆಗಳ ನೆನಪು ಅವುಗಳ ಮೇಲೆ ಓಡುವ ಗಾಡಿಗಳ ನೆನಪಿಗಿಂತ ಉದ್ದವಾದದ್ದು.

ಯಾತ್ರೆ ಮುಗಿಯುವುದು ಸಮುದ್ರದ ಅಂಚಿನ ಮಡೇರಾ ಡ್ರೈವ್ ರಸ್ತೆಯಲ್ಲಿ. ಒಂದು ಕಡೆ ಬೂದುಬಣ್ಣದ ಕಡಲು. ಅದರ ಪಕ್ಕದಲ್ಲಿಯೇ 1883ರಲ್ಲಿ ಮ್ಯಾಗ್ನಸ್ ವೋಕ್ ಹಾಕಿದ ಪುಟ್ಟ ವಿದ್ಯುತ್ ರೈಲಿನ ಹಳಿ. ಒಂದೊಂದು ಗಾಡಿ ಬಂದಾಗಲೂ ಜನ ಹರ್ಷೋದ್ಗಾರ ಮಾಡುತ್ತಾರೆ. ಬೆಳಗ್ಗೆ ಗಂಭೀರವಾಗಿ ಹೊರಟವರ ಮುಖದ ಮೇಲೆ ಈಗ ಎಣ್ಣೆಯ ಸಿಂಪರಣೆ. ಗಾಳಿಗೆ ಕೆಂಪಾದ ಮೂಗು. ಆದರೆ ಕಣ್ಣಿನಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನ ಸಂತೋಷ.

ಇಲ್ಲಿ ನಿಂತು ನೋಡುವ ಹೊಸಬನಿಗೆ ಬೆಳಗ್ಗೆ ಹೊಳೆಯದಿದ್ದ ಒಂದು ಸಂಗತಿ ಮೆಲ್ಲನೆ ಹೊಳೆಯುತ್ತದೆ. ಚುಕ್ಕಾಣಿ ಹಿಡಿದವರಲ್ಲಿ ಬಹಳ ಮಂದಿಯ ತಲೆ ಬೆಳ್ಳಗಾಗಿದೆ. ಕಬ್ಬಿಣ, ಹಿತ್ತಾಳೆಗಳನ್ನು ಹಣ ಕೊಟ್ಟು ಉಳಿಸಿಕೊಳ್ಳಬಹುದು. ಮುರಿದ ಭಾಗವನ್ನು ಮತ್ತೆ ಎರಕ ಹೊಯ್ಯಿಸಬಹುದು. ಹೆಬ್ಬೆರಳನ್ನು ಎಲ್ಲಿಡಬೇಕು, ಎಣ್ಣೆಯ ತೊಟ್ಟು ಎಷ್ಟಿರಬೇಕು, ಎಂಜಿನ್ನಿನ ಸದ್ದಿನಲ್ಲಿ ಯಾವುದು ಸಹಜ, ಯಾವುದು ನೋವಿನ ನರಳಾಟ ಎಂಬ ತಿಳಿವು ಮಾತ್ರ ಹರಾಜಿಗೆ ಬರುವುದಿಲ್ಲ. ಅದು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಬೇಕು; ದಾಟದಿದ್ದರೆ ಯಜಮಾನನೊಡನೆ ಹೋಗುತ್ತದೆ; ಉಳಿದ ಗಾಡಿ ಗಾಜಿನ ಮನೆ ಸೇರಿ ಮೂಕವಾಗುತ್ತದೆ. ಈ ಕೂಟದಲ್ಲಿ ಅಪರಿಚಿತನ ಪ್ರಶ್ನೆಗೆ ಅಷ್ಟೊಂದು ಆದರ ದೊರೆಯುವುದೇಕೆಂಬುದು ಆಗ ಅರ್ಥವಾಗುತ್ತದೆ. ಪ್ರತಿಯೊಬ್ಬ ಹೊಸಬನೂ ಇಲ್ಲಿ ಕಾಯುತ್ತಿದ್ದ ಅತಿಥಿ. ಅವನಲ್ಲಿ ಒಬ್ಬ ಉತ್ತರಾಧಿಕಾರಿ ಇದ್ದಾನೆಯೇ ಎಂದು ಆ ಬಿಳಿತಲೆಗಳು ಹುಡುಕುತ್ತಿರುತ್ತವೆ.

ನಾಲ್ಕು ಗಂಟೆ ಕಳೆಯಿತು. ಸೂರ್ಯ ಕಡಲಿನ ಕಡೆ ಬಾಗಿದ್ದಾನೆ. ಪದಕ ಪಡೆದು ಮುಗಿಸಿದವರೂ ಹೋಟೆಲಿನ ಬೆಚ್ಚನೆಯ ಕೋಣೆಗೆ ಹೋಗದೆ ರಸ್ತೆಯ ತಿರುವಿನ ಕಡೆ ನೋಡುತ್ತ ನಿಂತಿದ್ದಾರೆ. ಇನ್ನೂ ಬರಬೇಕಾದವರಿದ್ದಾರೆ. ದೂರದಲ್ಲಿ ‘ಟಪ್ ಟಪ್’ ಎಂಬ ಒಂಟಿ ಸಿಲಿಂಡರಿನ ಸದ್ದು ಕೇಳಿದೊಡನೆ, ಆ ಗಾಡಿ ಕಣ್ಣಿಗೆ ಬೀಳುವ ಮೊದಲೇ, ಒಬ್ಬ ಮುದುಕರು ಅದರ ಹೆಸರನ್ನೂ ವರ್ಷವನ್ನೂ ಹೇಳುತ್ತಾರೆ. ಪಕ್ಕದಲ್ಲಿ ನಿಂತ ಹುಡುಗ ನಂಬದೆ ಕುತ್ತಿಗೆ ಚಾಚುತ್ತಾನೆ. ಗಾಡಿ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ; ಮುದುಕರು ಹೇಳಿದ್ದೇ ಸರಿ. ಹುಡುಗ ಅವರ ಕಡೆ ತಿರುಗಿ, ಅದು ಗೊತ್ತಾದದ್ದು ಹೇಗೆಂದು ಕೇಳುತ್ತಾನೆ.